ನಾಲೆ ದಾಟದ ಜ್ವರ

"ಗುರುಗಳೇ, ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲದೆ ಉತ್ತರ ತಪ್ಪಾಗಬಹುದೇ?"

ಕೇಳಿದವನು ಕಾಲೇಜಿನಲ್ಲಿ ಗಣಿತ ಓದುತ್ತಿದ್ದ ಶಿಷ್ಯ. ಅನುಕೂಲಸ್ಥರ ಮನೆಯವನು, ಚುರುಕು ಬುದ್ಧಿಯವನು. ಸಂಜೆಯ ಪಾಠ ಮುಗಿದು ಉಳಿದವರೆಲ್ಲ ಎದ್ದು ಹೋದರೂ ಅವನು ಕೂತೇ ಇದ್ದ.

"ಆಗಬಹುದು" ಎಂದರು ಗುರು. "ಹಾಗೆ ಆದಾಗ ಜನ ಸಾಯುತ್ತಾರೆ. ಕೇಳು."

ಒಂದು ಊರಿನಲ್ಲಿ ಒಬ್ಬ ಸಂಶೋಧಕನಿದ್ದ. ಅಂಟುರೋಗ ಯಾವ ದಾರಿ ಹಿಡಿದು ಹರಡುತ್ತದೆ ಎಂದು ಮುಂಚಿತವಾಗಿ ಲೆಕ್ಕ ಹಾಕಿ ಹೇಳುವುದು ಅವನ ಕೆಲಸ. ಅವನು ವೈದ್ಯನಲ್ಲ, ಯಾರ ನಾಡಿಯನ್ನೂ ಹಿಡಿದು ನೋಡಿದವನಲ್ಲ. ವೈದ್ಯ ಜ್ವರದ ಹಿಂದೆ ಓಡುತ್ತಾನೆ. ಇವನು ಜ್ವರಕ್ಕಿಂತ ಮೊದಲೇ ಹೋಗಿ ಅದರ ದಾರಿಯಲ್ಲಿ ಕಾಯಬೇಕು.

ಅದಕ್ಕೆ ಅವನು ಮಾಡುತ್ತಿದ್ದುದು ಇಷ್ಟು. ಊರಿನ ಒಂದೊಂದು ಮನೆಗೂ ಒಂದು ಚುಕ್ಕಿ ಇಡುತ್ತಿದ್ದ. ಈ ಮನೆಯವರು ಆ ಮನೆಗೆ ಹೋಗಿಬರುವುದುಂಟು ಎಂದಾದರೆ ಎರಡು ಚುಕ್ಕಿಗಳ ನಡುವೆ ಒಂದು ಗೆರೆ ಎಳೆಯುತ್ತಿದ್ದ. ಜ್ವರಕ್ಕೆ ಕಾಲಿಲ್ಲ, ಅದು ಮನುಷ್ಯರ ಕಾಲಿನಲ್ಲೇ ನಡೆಯಬೇಕು. ಗೆರೆ ಇದ್ದ ಕಡೆ ಹೋಗುತ್ತದೆ, ಇಲ್ಲದ ಕಡೆ ನಿಂತುಬಿಡುತ್ತದೆ. ಚುಕ್ಕಿ ಗೆರೆಗಳನ್ನೆಲ್ಲ ಕಂಪ್ಯೂಟರಿಗೆ ಕೊಟ್ಟರೆ, ಜ್ವರ ನಾಳೆ ಯಾವ ಮನೆಯ ಕದ ತಟ್ಟುತ್ತದೆ ಎಂದು ಅದು ಹೇಳುತ್ತಿತ್ತು.

ಅವನು ಹುಸಿ ಮನುಷ್ಯನಲ್ಲ. ಪಕ್ಕದ ತಾಲ್ಲೂಕಿನಲ್ಲಿ ಜ್ವರ ಒಂದು ಹಳ್ಳಿ ಬಿಟ್ಟು ಒಂದು ಹಳ್ಳಿಗೆ ಹಾರುತ್ತಿದ್ದಾಗ, ಮದುವೆ ಅಡುಗೆಯವರ ತಂಡವೊಂದು ಹೋದ ಊರುಗಳನ್ನೇ ಅದು ಹಿಡಿಯುತ್ತಿದೆ ಎಂದು ಕಂಡುಹಿಡಿದವನು ಅವನೇ. ಅಡುಗೆಯವರನ್ನು ಮನೆಯಲ್ಲಿ ಕೂರಿಸಿ ಊಟ ಕೊಟ್ಟು ಔಷಧ ಕೊಟ್ಟರು. ಜ್ವರ ನಿಂತಿತು. ಅಂದಿನಿಂದ ಅವನ ನಕ್ಷೆಯನ್ನು ಜನ ನಂಬಿದರು. ಅವನೂ ನಂಬಿದ.

ಹೀಗಿರುವಾಗ ಜ್ವರ ಅವನ ಊರಿಗೇ ಬಂತು.

ಆ ಊರಿನ ನಡುವೆ ಒಂದು ನಾಲೆ. ಈಚೆಗೆ ದೊಡ್ಡಬೀದಿ, ಆಚೆಗೆ ಕೇರಿ. ನಡುವೆ ಒಂದು ಸೇತುವೆ. ದೊಡ್ಡಬೀದಿಯವರು ಕೇರಿಯವರನ್ನು ಮುಟ್ಟುವುದಿಲ್ಲ, ಅವರ ಕೈನೀರು ಕುಡಿಯುವುದಿಲ್ಲ, ಅವರನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಕಾನೂನು ಏನೇ ಹೇಳಲಿ, ಬೀದಿಯ ಮಾತು ಇದು. ಜ್ವರ ಮೊದಲು ಕಾಣಿಸಿಕೊಂಡದ್ದು ಕೇರಿಯಲ್ಲಿ.

ಊರಿನ ಅಧ್ಯಕ್ಷ ಚೆನ್ನವೀರಯ್ಯ ಸಂಶೋಧಕನನ್ನು ಕರೆಸಿದ.

"ಲಸಿಕೆ ಬಂದಿರೋದು ಒಂದೇ ಪೆಟ್ಟಿಗೆ. ಎಲ್ಲರಿಗೂ ಸಾಲೋದಿಲ್ಲ. ಜ್ವರ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನೀವು ಹೇಳಿ. ಮೊದಲು ಅಲ್ಲಿಗೆ ಕಳಿಸ್ತೀನಿ."

"ಮನೆಮನೆ ವಿಚಾರಿಸಬೇಕು. ಸ್ವಲ್ಪ ಸಮಯ ಕೊಡಿ."

"ವಿಚಾರಿಸಿ, ರಂಗೋಲಿ ಹಾಕಿ. ಬೇಗ ಹಾಕಿ ಸ್ವಾಮಿ, ಜನ ನನ್ನ ಪ್ರಾಣ ತಿಂತಿದಾರೆ."

ಸಂಶೋಧಕ ದೊಡ್ಡಬೀದಿಯ ಮನೆಗಳಿಗೆ ತಾನೇ ಹೋದ. ಬೇರೆಯವರನ್ನು ಕಳಿಸಿದರೆ ಅರ್ಧಂಬರ್ಧ ಕೇಳಿಕೊಂಡು ಬರುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಬಿಸಿಲೆನ್ನದೆ ತಿರುಗಿದ. ಆ ಮಟ್ಟಿಗಿನ ನಿಷ್ಠೆ ಅವನಲ್ಲಿತ್ತು, ಅದನ್ನು ಅಲ್ಲಗಳೆಯಬಾರದು.

ಬೀದಿಯ ಕೊನೆಯ ಮನೆ ವನಜಾಕ್ಷಮ್ಮ ಎಂಬ ಮುದುಕಿಯದು. ಅವಳ ಗಂಡ ಲಕ್ವ ಹೊಡೆದು ವರ್ಷಗಳಿಂದ ಹಾಸಿಗೆ ಹಿಡಿದಿದ್ದ. ಕೋಣೆ ಬಿಟ್ಟು ಹೊರಗೆ ಬಂದವನಲ್ಲ.

"ನಿಮ್ಮನೆಗೆ ಯಾರ್ಯಾರು ಬಂದು ಹೋಗ್ತಾರೆ ಅಜ್ಜಿ?"

"ನಮ್ಮನೆಗೆ ಯಾರಪ್ಪಾ ಬರ್ತಾರೆ? ಅವರು ಮಲಗಿದ ಕಡೆ ಮಲಗಿದಾರೆ, ನಾನು ಕೂತ ಕಡೆ ಕೂತಿದೀನಿ. ನೆಂಟರು ಬರೋದನ್ನೇ ಬಿಟ್ರು. ನೀನೇ ಏನೋ ಪುಣ್ಯಾತ್ಮ ಬಂದಿರೋದು. ಇರು, ಕಾಫಿ ತರ್ತೀನಿ."

"ಬೇರೆ ಯಾರೂ ಇಲ್ವಾ? ಸರಿಯಾಗಿ ಯೋಚನೆ ಮಾಡಿ ಹೇಳಿ."

"ದೇವರಾಣೆಗೂ ಯಾರೂ ಇಲ್ಲ ಕಣಪ್ಪ."

ಅವಳು ಹಾಗೆನ್ನುವಾಗ ಹಿತ್ತಲಲ್ಲಿ ಪಾತ್ರೆ ಉಜ್ಜುವ ಸದ್ದು ಕೇಳುತ್ತಿತ್ತು. ಸಂಶೋಧಕನ ಕಿವಿ ಮಂದವಾಗಿರಲಿಲ್ಲ. ಹುಟ್ಟಿದಂದಿನಿಂದ ದಿನವೂ ಕೇಳಿದ ಸದ್ದು, ಹಾಗಾಗಿ ಅದು ಅವನಿಗೆ ಸದ್ದೆಂದು ತೋರಲಿಲ್ಲ. ಕಾಫಿ ಕುಡಿದ. ಆ ಚುಕ್ಕಿಗೆ ಒಂದು ಗೆರೆಯನ್ನೂ ಎಳೆಯದೆ ಎದ್ದು ಬಂದ. ಅವನು ಕುಡಿದಿಟ್ಟ ಲೋಟ ಹಿತ್ತಲಿಗೆ ಹೋಯಿತು.

ಎಲ್ಲ ಮನೆಗಳಲ್ಲೂ ಇದೇ ಮಾತು. ಬೀಗರು ಬರುತ್ತಾರೆ, ಪುರೋಹಿತರು ಬರುತ್ತಾರೆ, ಚೀಟಿ ಹಾಕಿದವರು ಬರುತ್ತಾರೆ. ಬೇರೆ ಯಾರೂ ಬರುವುದಿಲ್ಲ. ಮುಂಬಾಗಿಲಲ್ಲಿ ಬಂದು ಜಗಲಿಯಲ್ಲಿ ಕೂತವರು ಮಾತ್ರ ಬಂದವರು. ಹಿತ್ತಲ ಬಾಗಿಲಲ್ಲಿ ಬಂದವರನ್ನು ಆ ಬೀದಿ ಬಂದವರೆಂದು ಎಂದೂ ಎಣಿಸಿದ್ದಿಲ್ಲ. ಸುಳ್ಳು ಹೇಳುತ್ತಿದ್ದೇವೆ ಎಂಬ ಅರಿವೂ ಅವರಿಗಿರಲಿಲ್ಲ. ಎದೆಯ ಮೇಲೆ ಕೈಯಿಟ್ಟು ಹೇಳಿದರು.

ಕೇರಿಗೆ ಅವನು ಹೋಗಲಿಲ್ಲ. ಅಲ್ಲಿ ಜ್ವರವಿತ್ತು. ಕೇರಿಯವರು ಎಲ್ಲೆಲ್ಲಿಗೆ ಹೋಗುತ್ತಾರೆ ಎಂದು ದೊಡ್ಡಬೀದಿಯ ಯಜಮಾನರನ್ನೇ ಕೇಳಿದ. "ಅವರಿಗೂ ನಮಗೂ ಏನ್ರೀ ಸಂಬಂಧ? ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು" ಎಂದರು. ಅವನು ಅದನ್ನೂ ಬರೆದುಕೊಂಡ.

ತನ್ನ ಮನೆಯ ಚುಕ್ಕಿಗೂ ಗೆರೆ ಎಳೆದ. ಮಾವನ ಮನೆಗೆ ಒಂದು, ಗೆಳೆಯನ ಮನೆಗೆ ಒಂದು.

ನಕ್ಷೆ ಸಿದ್ಧವಾಯಿತು. ಈಚೆಗೆ ಚುಕ್ಕಿಗಳ ಒಂದು ಗುಂಪು, ಆಚೆಗೆ ಇನ್ನೊಂದು. ನಡುವೆ ಒಂದು ಗೆರೆಯೂ ಇಲ್ಲ. ಕಂಪ್ಯೂಟರು ಅದನ್ನು ನೋಡಿ ಹೇಳಬೇಕಾದುದನ್ನೇ ಹೇಳಿತು. ಸಂಶೋಧಕ ಅಧ್ಯಕ್ಷನಿಗೆ ವರದಿ ಬರೆದ: ಜ್ವರ ನಾಲೆ ದಾಟುವುದಿಲ್ಲ. ಸೇತುವೆ ಮುಚ್ಚಿದರೆ ಸಾಕು. ಕೇರಿಯೊಳಗೆ ಅದು ಉರಿದು ತಾನೇ ಆರುತ್ತದೆ.

ತಾನೇ ಆರುತ್ತದೆ ಎಂದು ಬರೆದು ರುಜು ಹಾಕಿದ. ಅದು ಲೆಕ್ಕದ ಮಾತು. ಅಲ್ಲಿ ಉರಿಯುವ ಸೌದೆ ಯಾರು ಎಂದು ಲೆಕ್ಕ ಕೇಳುವುದಿಲ್ಲ.

ಸೇತುವೆ ಮುಚ್ಚಿದರು. ಇಬ್ಬರು ಪೊಲೀಸರನ್ನು ನಿಲ್ಲಿಸಿದರು. ಮುಂದೆ ಬೇಕಾದೀತು ಎಂದು ಲಸಿಕೆಯನ್ನು ಐಸ್ ಪೆಟ್ಟಿಗೆಯಲ್ಲೇ ಇಟ್ಟು ಬೀಗ ಹಾಕಿದರು. ಕೇರಿಗೆ ಅಕ್ಕಿಯನ್ನೂ ಕಳಿಸಲಿಲ್ಲ, ಔಷಧವನ್ನೂ ಕಳಿಸಲಿಲ್ಲ.

ಸೇತುವೆ ಮುಚ್ಚಿದ ಮಾರನೆಯ ದಿನವೂ ದೊಡ್ಡಬೀದಿಯ ಪಾತ್ರೆಗಳು ತೊಳೆದಿದ್ದವು. ಬಚ್ಚಲು ಉಜ್ಜಿತ್ತು. ಬಟ್ಟೆ ಒಗೆದು ಹರವಿತ್ತು. ಯಾರೂ ಅದನ್ನು ಕಂಡು ಆಶ್ಚರ್ಯಪಡಲಿಲ್ಲ.

ಕೆಲವು ದಿನ ಕಳೆದವು. ದೊಡ್ಡಬೀದಿಯಲ್ಲಿ ಮೊದಲು ಜ್ವರ ಬಂದದ್ದು ಹಾಸಿಗೆ ಹಿಡಿದಿದ್ದ ವನಜಾಕ್ಷಮ್ಮನ ಗಂಡನಿಗೆ. ಒಂದು ಗೆರೆಯೂ ಇಲ್ಲದ ಚುಕ್ಕಿ ಅದು.

ಸಂಶೋಧಕ ನಂಬಲಿಲ್ಲ. ಲೆಕ್ಕವನ್ನು ಮೊದಲಿನಿಂದ ಮಾಡಿದ. ಸರಿಯಾಗಿತ್ತು. ಗಾಳಿಯನ್ನು ಸೇರಿಸಿ ನೋಡಿದ, ನೀರನ್ನು ಸೇರಿಸಿ ನೋಡಿದ, ಬೀದಿನಾಯಿಗಳನ್ನೂ ಸೇರಿಸಿ ನೋಡಿದ. ಯಾವುದೂ ಹೊಂದಲಿಲ್ಲ. ಅಷ್ಟರಲ್ಲಿ ಇನ್ನೂ ನಾಲ್ಕಾರು ಮನೆಗಳಲ್ಲಿ ಜನ ಮಲಗಿದರು. ಅಧ್ಯಕ್ಷ ಫೋನಿನಲ್ಲಿ ಕೂಗಿದ:

"ಏನ್ರೀ, ನಿಮ್ಮ ಜ್ವರ ಈಜು ಕಲಿತಿದೆಯಾ?"

ಸಂಶೋಧಕ ಮತ್ತೆ ಲೆಕ್ಕಕ್ಕೆ ಕೂತ. ಬೀದಿಯಲ್ಲಿ ಉತ್ತರ ಸಿದ್ಧವಿತ್ತು. ಕೇರಿಯವರು ಬೇಕೆಂದೇ ಜ್ವರ ಹಚ್ಚುತ್ತಿದ್ದಾರೆ. ಜ್ವರದವರ ಬಟ್ಟೆಯನ್ನು ನಾಲೆಗೆ ಎಸೆಯುತ್ತಿದ್ದಾರೆ. ಕತ್ತಲಲ್ಲಿ ಬಂದು ಬಾವಿ ಮುಟ್ಟುತ್ತಿದ್ದಾರೆ. ಯಾರೂ ಕಂಡವರಿಲ್ಲ, ಎಲ್ಲರೂ ಹೇಳುವವರೇ. ಕೊನೆಗೆ ಅಧ್ಯಕ್ಷ ಛತ್ರದಲ್ಲಿ ಸಭೆ ಕರೆದ. ಕೇರಿಯ ಗುಡಿಸಲುಗಳನ್ನು ಕಿತ್ತು, ಅಲ್ಲಿಯ ಜನರನ್ನು ಊರಾಚೆಯ ಕಲ್ಲುಕ್ವಾರಿಗೆ ಸಾಗಿಸಬೇಕೆಂದು ಗೊತ್ತುವಳಿ ಬರೆದಿಟ್ಟಿದ್ದರು. ಜ್ವರದವರು, ಬಸುರಿಯರು, ಮುದುಕರು ಎಲ್ಲರೂ ಹೋಗಬೇಕು. ಕ್ವಾರಿಯಲ್ಲಿ ನೆರಳಿಲ್ಲ, ನೀರಿಲ್ಲ. ಹೋದವರಲ್ಲಿ ಎಷ್ಟು ಜನ ಉಳಿಯುತ್ತಿದ್ದರು ಎಂದು ಹೇಳಲು ಕಂಪ್ಯೂಟರು ಬೇಕಾಗಿರಲಿಲ್ಲ. ಗೊತ್ತುವಳಿಗೆ ಬೇಕಾಗಿದ್ದುದು ಸಂಶೋಧಕನ ಒಂದು ಮಾತು: ಕೇರಿ ಅಲ್ಲಿರುವವರೆಗೆ ಜ್ವರ ನಿಲ್ಲುವುದಿಲ್ಲ.

ಸಭೆಯ ದಿನ ಬೆಳಿಗ್ಗೆ ಮಹಡಿಯ ನಲ್ಲಿಯಲ್ಲಿ ನೀರು ಬರಲಿಲ್ಲ. ಸಂಶೋಧಕ ಮುಖ ತೊಳೆಯಲು ಹಿತ್ತಲಿಗೆ ಇಳಿದ. ಆ ಹೊತ್ತಿನಲ್ಲಿ ಅವನು ಎಂದೂ ಅಲ್ಲಿಗೆ ಹೋದವನಲ್ಲ. ಒಗೆಯುವ ಕಲ್ಲಿನ ಪಕ್ಕ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು ಪಾತ್ರೆ ಉಜ್ಜುತ್ತಿದ್ದಳು. ಅವಳ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಸೆರಗನ್ನು ಬಾಯಿಗೊತ್ತಿಕೊಂಡು ಕೆಮ್ಮಿದಳು. ಮತ್ತೆ ಉಜ್ಜತೊಡಗಿದಳು.

ಅವನು ಅವಳನ್ನು ನೋಡಿದ. ಅವಳ ಸೀರೆಯನ್ನು ನೋಡಿದ.

"ಸೇತುವೆ ಮುಚ್ಚಿದೆಯಲ್ಲ. ಹೇಗೆ ಬಂದೆ?"

"ನಾಲೆಗಿಳಿದು ಬಂದೆ ಸ್ವಾಮಿ. ನೀರು ಕಡಿಮೆ ಐತೆ. ಬರದಿದ್ರೆ ಬೇರೆಯೋರನ್ನ ನೋಡ್ಕೋತೀನಿ ಅಂತ ಅಮ್ಮಾವ್ರು ಹೇಳಿ ಕಳಿಸಿದ್ರು."

"ಹೀಗೆ ಇನ್ನೂ ಯಾರಾದರೂ ಬರ್ತಾರಾ?"

ಹೆಂಗಸು ನಕ್ಕಳು. ನಗು ಕೆಮ್ಮಾಯಿತು.

"ಈ ಬೀದೀಲಿ ಯಾರ ಮನೆ ಪಾತ್ರೆ ತಾನೇ ತೊಳ್ಕೊಂಡು ಗೂಡು ಸೇರ್ತದೆ ಸ್ವಾಮಿ?"

"ಮೊದಲೇ ನನಗೆ ಯಾಕೆ ಹೇಳಲಿಲ್ಲ?"

"ವನಜಾಕ್ಷಮ್ಮೋರ ಮನೇಲಿ ನೀವು ಕೇಳ್ತಿದ್ದಾಗ ನಾನು ಅವರ ಹಿತ್ತಲಲ್ಲೇ ಇದ್ನಲ್ಲ. ನನ್ನ ಕೇಳಲಿಲ್ಲ ನೀವು."

ಸಂಶೋಧಕ ಮುಖ ತೊಳೆಯುವುದನ್ನು ಮರೆತ. ಹೊರಡುವಷ್ಟರಲ್ಲಿ ಹೆಂಡತಿ ಸುಲೋಚನಾ ಬಾಗಿಲಿಗೆ ಅಡ್ಡ ನಿಂತಳು. ಒಳಗಿನಿಂದ ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಸಭೆಯಲ್ಲಿ ಇದನ್ನು ಹೇಳ್ತೀರಾ?"

"ಹೇಳದೆ ಇರೋದು ಹೇಗೆ?"

"ಹೇಳಿದರೆ ಜ್ವರ ನಮ್ಮನೆಯಿಂದಲೇ ಬಂತು ಅಂತಾರೆ. ನಾಳೆಯಿಂದ ನಮ್ಮ ಮನೆಯಲ್ಲಿ ಯಾರೂ ನೀರು ಮುಟ್ಟಲ್ಲ. ನಿಮ್ಮ ತಂಗಿಗೆ ಗಂಡು ಗೊತ್ತಾಗಿದೆ, ನೆನಪಿದೆಯಾ? ಗಾಳಿಯಲ್ಲಿ ಬಂತು ಅನ್ನಿ. ನಿಮ್ಮ ಮಾತನ್ನು ಯಾರು ಪರೀಕ್ಷೆ ಮಾಡ್ತಾರೆ?"

ಅವಳು ಹೇಳಿದ್ದು ನಿಜ. ಅವನ ಮಾತನ್ನು ಪರೀಕ್ಷಿಸುವವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ. ಗಾಳಿ ಎಂದರೆ ಗಾಳಿ, ಕೇರಿ ಎಂದರೆ ಕೇರಿ. ದಾರಿಯುದ್ದಕ್ಕೂ ಅವನು ಅದನ್ನೇ ಯೋಚಿಸಿದ. ತಂಗಿಯ ಮದುವೆಯನ್ನು ಯೋಚಿಸಿದ. ಛತ್ರದ ಮೆಟ್ಟಿಲು ಹತ್ತುವಾಗಲೂ ಅವನ ಮನಸ್ಸು ಗಟ್ಟಿಯಾಗಿರಲಿಲ್ಲ. ಇದನ್ನು ನಾನು ನಿನಗೆ ಹೇಳಲೇಬೇಕು. ಧೈರ್ಯವಂತನಾಗಿ ಒಳಗೆ ಹೋದ ಎಂದರೆ ಕತೆ ಚೆನ್ನಾಗಿರುತ್ತದೆ, ನಿಜವಾಗಿರುವುದಿಲ್ಲ.

ಛತ್ರ ತುಂಬಿತ್ತು. ಗೋಡೆಯ ಮೇಲೆ ಅವನ ನಕ್ಷೆಯನ್ನು ದೊಡ್ಡದು ಮಾಡಿ ಅಂಟಿಸಿದ್ದರು. ಅಧ್ಯಕ್ಷ ಅವನ ಕೈಗೆ ಒಂದು ಕೆಂಪು ಪೆನ್ನು ಕೊಟ್ಟ.

"ಜ್ವರ ಹೇಗೆ ದಾಟಿತು ಅಂತ ಜನಕ್ಕೆ ತೋರಿಸಿಬಿಡಿ. ಆಮೇಲೆ ನಾವು ರುಜು ಹಾಕ್ತೀವಿ."

ಅವನು ನಕ್ಷೆಯ ಮುಂದೆ ನಿಂತ. ಎರಡು ಗುಂಪುಗಳ ನಡುವಿನ ಬಿಳಿ ಜಾಗ ಅವನ ಕಣ್ಣಿಗೆ ಬಿತ್ತು. ಅಷ್ಟು ದಿನ ಅದನ್ನು ನಾಲೆ ಎಂದುಕೊಂಡಿದ್ದ. ನಾಲೆಯ ನೀರು ಮೊಣಕಾಲಿನ ಮಟ್ಟಕ್ಕಿದೆ ಎಂದು ಬೆಳಿಗ್ಗೆ ತಾನೇ ಆ ಹೆಂಗಸಿನ ಒದ್ದೆ ಸೀರೆಯಲ್ಲಿ ಕಂಡಿದ್ದ. ತನ್ನ ಮನೆಯ ಚುಕ್ಕಿಯ ಮೇಲೆ ಪೆನ್ನಿಟ್ಟ. ಬಿಳಿ ಜಾಗವನ್ನು ದಾಟಿ ಕೇರಿಯವರೆಗೂ ಗೆರೆ ಎಳೆದ.

"ನಮ್ಮನೆ ಪಾತ್ರೆ ತೊಳೆಯುವ ಹೆಂಗಸು ಕೇರಿಯವಳು. ದಿನವೂ ಬರ್ತಾಳೆ. ಸೇತುವೆ ಮುಚ್ಚಿದ ಮೇಲೂ ಬಂದಳು, ನಾವೇ ಕರೆಸಿದ್ವಿ. ನಾನು ಈ ಗೆರೆಯನ್ನು ಎಳೆದಿರಲಿಲ್ಲ. ನೀವೂ ಹೇಳಲಿಲ್ಲ. ಜ್ವರವನ್ನು ಅವರು ಹಚ್ಚಲಿಲ್ಲ. ನಾವು ಹೇಳಿ ಕಳಿಸಿ ತರಿಸಿಕೊಂಡ್ವಿ."

"ನಿಮ್ಮನೆ ವಿಷಯ ನೀವು ಹೇಳ್ಕೊಳ್ರೀ!" ಎಂದು ಒಬ್ಬ ಎದ್ದ. "ನಮ್ಮನೆ ಹೊಸ್ತಿಲನ್ನ ಆ ಜನ ತುಳಿದಿಲ್ಲ."

"ಹೌದೌದು" ಎಂದರು ಹತ್ತಾರು ಮಂದಿ. ಅಧ್ಯಕ್ಷ ಪೆನ್ನು ಕಿತ್ತುಕೊಳ್ಳಲು ಕೈ ಚಾಚಿದ. ಸಂಶೋಧಕ ಕೊಡಲಿಲ್ಲ.

"ನಿಮ್ಮ ನಿಮ್ಮ ಗೆರೆಯನ್ನು ನೀವೇ ಎಳೆಯಿರಿ. ಗೆರೆ ಬಿದ್ದ ಕಡೆ ಲಸಿಕೆ ಹೋಗುತ್ತೆ. ಗೆರೆ ಇಲ್ಲದ ಮನೆಗೆ ಜ್ವರ ಬರೋದೇ ಇಲ್ಲ ಅಂತ ನಾನು ಬರೆದುಕೊಡ್ತೀನಿ. ಅಂಥ ಮನೆಗೆ ಲಸಿಕೆ ಯಾಕೆ?"

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹೆಂಗಸರ ಕಡೆಯಿಂದ ವನಜಾಕ್ಷಮ್ಮ ಎದ್ದಳು. ಗೋಡೆ ಹಿಡಿದುಕೊಂಡು ಬಂದಳು.

"ಕೊಡಿಲ್ಲಿ ಅದನ್ನ. ನಮ್ಮ ಯಜಮಾನರು ಅಲ್ಲಿ ಉಸಿರು ಎಳೀತಿದಾರೆ, ನೀವಿಲ್ಲಿ ಮಡಿ ಮಾತಾಡ್ತಿದೀರ." ಗೆರೆ ಎಳೆದಳು. ಸೊಟ್ಟಗೆ ಬಿತ್ತು. "ಪಾತ್ರೆ ತೊಳೆಯೋಳು ಹಿತ್ತಲಿಗೆ ಮಾತ್ರ ಅಲ್ಲ, ಒಳಗೂ ಬರ್ತಾಳೆ. ಕೋಣೆಗೂ ಬರ್ತಾಳೆ. ಇವರ ಮೈ ಒರೆಸಿ ಬಟ್ಟೆ ಬದಲಾಯಿಸೋದು ಅವಳೇ. ನನ್ನ ಕೈಲಿ ಎತ್ತಕ್ಕಾಗಲ್ಲ. ನಿಮ್ಮಲ್ಲಿ ಯಾರು ಬಂದು ಎತ್ತಿದ್ರಿ? ಏನ್ ಮಾಡ್ತೀರೋ ಮಾಡ್ಕೊಳ್ಳಿ."

ಆಮೇಲೆ ಒಬ್ಬ ಎದ್ದ. ಆಮೇಲೆ ಇನ್ನೊಬ್ಬಳು. ಹೊಸ್ತಿಲನ್ನು ತುಳಿದಿಲ್ಲ ಎಂದವನ ಹೆಂಡತಿಯೂ ಬಂದು ಎಳೆದು ಹೋದಳು. ಮಗುವಿಗೆ ಎಣ್ಣೆ ನೀರು ಹಾಕುವವಳು, ಬಾಣಂತಿಯ ಬಟ್ಟೆ ಒಗೆಯುವವಳು, ಹಪ್ಪಳಕ್ಕೆ ಹಿಟ್ಟು ಕುಟ್ಟುವವಳು, ಎಲ್ಲರೂ ಕೇರಿಯಿಂದ ಬರುತ್ತಿದ್ದರು. ಬಿಳಿ ಜಾಗ ಕೆಂಪಾಯಿತು. ಅಧ್ಯಕ್ಷನ ಮನೆಯ ಚುಕ್ಕಿಗೆ ಮಾತ್ರ ಇನ್ನೂ ಗೆರೆ ಬಿದ್ದಿರಲಿಲ್ಲ. ಯಾರೋ ಹಿಂದಿನಿಂದ "ಅಧ್ಯಕ್ಷರು ತಾವೇ ಮುಸುರೆ ತಿಕ್ತಾರೇನೋ" ಎಂದರು. ಜನ ನಕ್ಕರು. ಅವನೂ ಎದ್ದು ಒಂದು ಗೆರೆ ಎಳೆದ.

ಹೊಸ ನಕ್ಷೆಯ ಮೇಲೆ ಲೆಕ್ಕ ಮಾಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೇರಿಯ ಒಬ್ಬೊಬ್ಬ ಹೆಂಗಸಿನಿಂದಲೂ ದೊಡ್ಡಬೀದಿಯ ಐದಾರು ಮನೆಗಳಿಗೆ ಗೆರೆ ಹೋಗಿತ್ತು. ಊರನ್ನು ಉಳಿಸಬೇಕಾದರೆ ಲಸಿಕೆ ಮೊದಲು ಆ ಹೆಂಗಸರಿಗೆ ಹೋಗಬೇಕು, ಆಮೇಲೆ ಕೇರಿಯ ಉಳಿದವರಿಗೆ. ಅವರು ಕೂಲಿ ಕಳೆದುಕೊಳ್ಳದೆ ಮನೆಯಲ್ಲಿ ಕೂರಬೇಕು. ಅವರಿಗೆ ಅಕ್ಕಿ ಬೇಳೆ ಕಳಿಸಬೇಕು. ಅಧ್ಯಕ್ಷ ಒಪ್ಪಿದ, ಬೀದಿ ಒಪ್ಪಿತು. ಕನಿಕರ ಬಂತು ಎಂದುಕೊಳ್ಳಬೇಡ. ತಮ್ಮ ಜೀವ ಆ ಹೆಂಗಸರ ಕೈಯಲ್ಲಿದೆ ಎಂದು ಗೋಡೆಯ ಮೇಲೆ ಕಂಡಿತು, ಒಪ್ಪಿದರು. ಗೊತ್ತುವಳಿಯ ಕಾಗದ ಅಧ್ಯಕ್ಷನ ಜೇಬಿಗೆ ಹೋಯಿತು. ಗುಡಿಸಲುಗಳು ಉಳಿದವು.

ಐಸ್ ಪೆಟ್ಟಿಗೆಯ ಬೀಗ ತೆಗೆದರು. ನಿಧಾನವಾಗಿ ಜ್ವರ ಇಳಿಯಿತು. ವನಜಾಕ್ಷಮ್ಮನ ಗಂಡ ಉಳಿಯಲಿಲ್ಲ. ಸಂಶೋಧಕನ ತಂಗಿಯ ಮದುವೆ ಮುರಿದುಬಿತ್ತು. ಅವನ ಮನೆಯ ಪಾತ್ರೆ ತೊಳೆಯುವ ಹೆಂಗಸು ಬದುಕಿಕೊಂಡಳು. ಅವಳ ತಂಗಿ, ಆ ತಂಗಿಯ ಎಳೆಗೂಸು, ಲಸಿಕೆ ಪೆಟ್ಟಿಗೆಯಲ್ಲಿ ತಣ್ಣಗಿದ್ದ ದಿನಗಳಲ್ಲೇ ಸತ್ತಿದ್ದರು. ಹೆಂಗಸು ಮತ್ತೆ ಕೆಲಸಕ್ಕೆ ಬಂದ ದಿನ ಸಂಶೋಧಕ ಹಿತ್ತಲ ಬಾಗಿಲಲ್ಲಿ ನಿಂತುಕೊಂಡ. ಏನೋ ಹೇಳಬೇಕೆಂದಿದ್ದ. ಅವಳು "ಸ್ವಲ್ಪ ಸರೀರಿ ಸ್ವಾಮಿ, ಬೂದಿ ತಗೋಬೇಕು" ಎಂದಳು. ಅವನು ಸರಿದ.

ಗುರು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಕೆಂಪಾಗಿತ್ತು. "ಎಂಥ ಜನ ಗುರುಗಳೇ! ದಿನವೂ ಮನೆಯೊಳಗೆ ಓಡಾಡುವವಳು ಕಣ್ಣಿಗೇ ಬೀಳಲಿಲ್ಲ ಎಂದರೆ! ಆ ಬೀದಿಯವರು ಮನುಷ್ಯರೇ?"

ಗುರು ಕೇಳಿದರು: "ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವಾಕೆಯ ಹೆಸರೇನು?"